ಫೋನಕ್ಕ ಕೊಡಿಸಿದ ನಂಬರು

ಫೋನಕ್ಕನ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಅಲ್ಲಿನ ಚರ್ಮ ಗಟ್ಟಿಯಾಗಿ, ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಮೊದಲು ಫೋನಿನ ಚಕ್ರ ತಿರುಗಿಸಿ, ಆಮೇಲೆ ಗುಂಡಿ ಒತ್ತಿ ಒತ್ತಿ ಹಾಗಾದದ್ದು. ಯಾವುದಾದರೂ ನಂಬರು ನೆನಪಿಗೆ ಬಾರದಿದ್ದರೆ ಅವಳು ತಲೆ ಕೆರೆದುಕೊಳ್ಳುತ್ತಿರಲಿಲ್ಲ. ಕಣ್ಣು ಮುಚ್ಚಿ ಆ ಬೆರಳಿನಿಂದ ಮಂಡಿಯ ಮೇಲೆ ತಟ್ಟುತ್ತಿದ್ದಳು. ನಂಬರು ಬೆರಳಿನಲ್ಲಿ ಇರುತ್ತಿತ್ತು. ಬಾಯಿ ಅದನ್ನು ಹಿಂಬಾಲಿಸುತ್ತಿತ್ತು.

ಮಕ್ಕಳೇ, ಹೋದ ಆಯುಧಪೂಜೆಯಲ್ಲಿ ನೀವಿಬ್ಬರೂ ನನ್ನ ಮೇಲೆ ಮುನಿಸಿಕೊಂಡಿರಿ. ಇಂಟರ್‌ನೆಟ್ ಪೆಟ್ಟಿಗೆಯನ್ನು ಆರಿಸಿ, ಒರೆಸಿ, ಕುಂಕುಮ ಇಟ್ಟು, ಚೆಂಡುಹೂವಿನ ತುಂಡು ಸರ ಹಾಕಿ, ನಾಳೆಯವರೆಗೆ ಯಾರೂ ಮುಟ್ಟಕೂಡದು ಎಂದೆ. ದೊಡ್ಡವನು, "ಇದೇನ್ ಕುಡುಗೋಲಾ ಅಜ್ಜಿ?" ಎಂದು ಕೇಳಿದ. ಚಿಕ್ಕವಳು ಪೆಟ್ಟಿಗೆಯ ಮೇಲೆ ಗೋಡೆಯಲ್ಲಿರುವ ಫೋನಕ್ಕನ ಫೋಟೋ ತೋರಿಸಿ, ಈಕೆ ನಮಗೆ ಏನಾಗಬೇಕು ಎಂದಳು. ನಾನು ಬಾಯಿಬಿಟ್ಟು ಹೇಳುವವಳಲ್ಲ, ನಿಮಗೆ ಗೊತ್ತು. ಎದುರಿಗೆ ನಾಲ್ಕು ಜನ ಇದ್ದರೆ ನನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಬರೆಯುವುದಾದರೆ ಬರೆಯಬಲ್ಲೆ. ನಮ್ಮ ತೌರೂರಿನ ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿವರೆಗೆ ಓದಿದ್ದು ಇದಕ್ಕಾದರೂ ಬರಲಿ.

ನಾನು ಡೆಂಕಣಿಕೋಟೆ ಕಡೆಯಿಂದ ಹೊಸೂರು ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗ ಊರಿಗೆಲ್ಲ ಒಂದೇ ಫೋನು. ಬಸ್ಸು ನಿಲ್ಲುವ ಹುಣಸೆಮರದ ಪಕ್ಕದಲ್ಲಿ ಹಳದಿ ಬಣ್ಣದ ಪುಟ್ಟ ಬೂತು ಇತ್ತು. ಅದನ್ನು ನಡೆಸುತ್ತಿದ್ದವಳೇ ಅವಳು. ಮಗುವಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸಣಕಲಾಗಿತ್ತು. ಅಂಥವರಿಗೆ ಸರ್ಕಾರ ಕೊಡುತ್ತಿದ್ದ ಬೂತು ಅದು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಊರಿನ ಹಿರಿಯರೂ ಮಕ್ಕಳೂ ಅವಳನ್ನು ಫೋನಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. "ಕಾಲು ನೋಡಿ ಬ್ಯಾಡ ಅಂದೋರೆಲ್ಲ ಈಗ ಫೋನ್ ಮಾಡಾಕೆ ನನ್ ತಾವ್ಕೇ ಬತ್ತಾರೆ ನೋಡು" ಎಂದು ನಗುತ್ತಿದ್ದಳು.

ಬೂತಿನ ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಒಳಗೆ ಮಾತಾಡಿದ್ದೆಲ್ಲ ಹೊರಗೆ ಕೇಳುತ್ತಿತ್ತು. ಅದಕ್ಕೆ ಫೋನಕ್ಕ ಒಂದು ಉಪಾಯ ಮಾಡಿಕೊಂಡಿದ್ದಳು. ಯಾರಾದರೂ ಒಳಗೆ ಹೋದ ಕೂಡಲೇ ರಸ್ತೆಯ ಕಡೆ ತಿರುಗಿ ಕೂತು, ತಮಿಳು ಕ್ಯಾಲೆಂಡರನ್ನು ಗಟ್ಟಿಯಾಗಿ ಓದುತ್ತಿದ್ದಳು. ತಿಥಿ, ನಕ್ಷತ್ರ, ರಾಹುಕಾಲ, ಗುಳಿಕಕಾಲ. ಒಳಗಿನವರು ಅಳುತ್ತಿದ್ದರೆ ರಾಹುಕಾಲ ಇನ್ನೂ ಜೋರಾಗುತ್ತಿತ್ತು. ಬಸ್ಸಿಗೆ ಕಾಯುವವರು ಅವಳಿಗೆ ಪಂಚಾಂಗದ ಹುಚ್ಚು ಎಂದುಕೊಂಡಿದ್ದರು. ಊರಿನ ಎಲ್ಲ ಮನೆಗಳ ಗುಟ್ಟು ಆ ಬೂತಿನಿಂದ ಹೊರಗೆ ಹೋಗಿದೆ, ಒಂದೂ ಅವಳ ಬಾಯಿಂದ ಹೋಗಿಲ್ಲ.

ನಾನು ಬಂದ ವರ್ಷವೇ ನಮ್ಮಪ್ಪನಿಗೆ ಕಾಯಿಲೆಯಾಯಿತು. ನಿಮ್ಮ ತಾತ ಹೊಲದಲ್ಲಿದ್ದರು. ನಾನೊಬ್ಬಳೇ ಸೆರಗು ಹೊದ್ದು ಬೂತಿಗೆ ಹೋದೆ. ತೌರಿನ ಪಕ್ಕದ ಅಂಗಡಿಯ ನಂಬರು ಚೀಟಿಯಲ್ಲಿತ್ತು. ಫೋನಕ್ಕ ಹಚ್ಚಿಕೊಟ್ಟಳು. ಆ ಕಡೆಯಿಂದ ಗಂಡಸಿನ ದನಿ "ಹಲೋ, ಯಾರು?" ಎಂದಿತು. ನನ್ನ ನಾಲಿಗೆ ಏಳಲಿಲ್ಲ. ಅದು ಮತ್ತೆ ಮತ್ತೆ ಯಾರು ಯಾರು ಎಂದಿತು. ನಾನು ಫೋನನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತೆ. ಹೊರಗೆ ಪಂಚಾಂಗ ನಿಂತಿತು. ಫೋನಕ್ಕ ಕಾಲೆಳೆದುಕೊಂಡು ಬಂದು ಫೋನು ಇಟ್ಟಳು. ಅವಳೇ ಮಾತಾಡಿ ಕೇಳಿ ಹೇಳಬಹುದಿತ್ತು, ಎರಡು ನಿಮಿಷದ ಕೆಲಸ. ಹಾಗೆ ಮಾಡಲಿಲ್ಲ. ಬಾಗಿಲಿಗೆ ಒರಗಿ ನಿಂತು, "ಮೊದ್ಲು ನಂಗೆ ಹೇಳು. ಆಮ್ಯಾಕೆ ಫೋನ್‌ಗೆ ಹೇಳೀವಂತೆ" ಎಂದಳು.

ನಾನು ಅವಳಿಗೆ ಹೇಳಿದೆ. ನಾನು ಇಂಥವರ ಮಗಳು, ಅಪ್ಪನಿಗೆ ಹೇಗಿದೆ, ಅಮ್ಮನನ್ನು ಫೋನಿಗೆ ಕರೆಯಿರಿ. ಅವಳು ಮೂರು ಸಲ ಹೇಳಿಸಿದಳು. ಮೂರನೆಯ ಸಲ ನನ್ನ ದನಿ ನನಗೇ ಕೇಳುವಷ್ಟಾಯಿತು. ಆಗ ಮತ್ತೆ ನಂಬರು ಹಚ್ಚಿ, ಹೊರಗೆ ಹೋಗಿ ಕೂತು, ರಾಹುಕಾಲ ಓದತೊಡಗಿದಳು. ಆ ದಿನ ನಾನು ನನ್ನ ಬಾಯಿಂದಲೇ ಮಾತಾಡಿ, ಅಪ್ಪನಿಗೆ ಜ್ವರ ಇಳಿದಿದೆ ಎಂದು ನನ್ನ ಕಿವಿಯಿಂದಲೇ ಕೇಳಿದೆ.

ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬೂತು ಮುಚ್ಚಿತು. ಫೋನಕ್ಕನ ಕಥೆ ಮುಗಿಯಿತು ಎಂದು ಜನ ಆಡಿಕೊಂಡರು. ಅವಳು ಪಕ್ಕದಲ್ಲಿ ಎರಡು ಸಣ್ಣ ಗಾಲಿ ಕಟ್ಟಿದ ಸ್ಕೂಟರಿನಲ್ಲಿ ಹೊಸೂರಿಗೆ ಓಡಾಡಿ, ನಮ್ಮೂರಿಗೂ ಸುತ್ತಲ ಮೂರು ಹಳ್ಳಿಗೂ ಬ್ರಾಡ್‌ಬ್ಯಾಂಡ್ ಲೈನು ಕೊಡಿಸುವ ಏಜೆನ್ಸಿ ಹಿಡಿದಳು. ಕಂಬ ಹತ್ತಲು ಆಳುಗಳಿದ್ದರು. ಕೆಳಗೆ ಸ್ಕೂಟರಿನ ಮೇಲೆ ಕೂತು ಅವಳು ಕೆಲಸ ಹೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಆ ಆಳುಗಳ ಹತ್ತಿರವೇ ಕೇಳಿ ಕಲಿತಳು. ನಿಮ್ಮ ತಾತ ತೀರಿಕೊಂಡ ಮೇಲೆ, ಮನೆಯಲ್ಲಿ ಮಾತಿರಲಿ ಎಂದು ನಮ್ಮ ಮನೆಗೂ ಲೈನು ಹಾಕಿಸಿದಳು. ಅದನ್ನು ನನ್ನ ಹೆಸರಿಗೇ ಬರೆಸಿದಳು.

ನನ್ನ ಮಗಳು, ನಿಮ್ಮಮ್ಮ, ಆಗಲೂ ಈಗಿನ ಹಾಗೆ ನನ್ನ ಜೊತೆಗೇ ಇದ್ದು ಇದೇ ಫ್ಯಾಕ್ಟರಿಗೆ ಹೋಗುತ್ತಿದ್ದಳು. ನಿಮ್ಮಪ್ಪ ಲಾರಿ ಮೇಲೆ ಹೋದರೆ ಬರುವುದು ಹತ್ತು ದಿನಕ್ಕೆ. ದೊಡ್ಡವನು ಒಂದನೆಯ ತರಗತಿ, ಚಿಕ್ಕವಳು ನನ್ನ ಮಡಿಲಲ್ಲಿ. ಊರಿನಿಂದ ಹನ್ನೊಂದು ಹೆಣ್ಣುಮಕ್ಕಳು ಮೊದಲ ಶಿಫ್ಟಿಗೆ ಹೋಗುತ್ತಿದ್ದರು. ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸು ಹುಣಸೆಮರದ ಹತ್ತಿರ ಬರುತ್ತಿತ್ತು. ಊರಿಂದ ಅಲ್ಲಿಗೆ ಎರಡು ಕೂಗಳತೆ. ದಾರಿಯ ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಸಾನಮಾವು ಕಾಡು.

ಮಳೆ ಮುಗಿದು ರಾಗಿ ತೆನೆ ಕಟ್ಟುವ ಹೊತ್ತಿಗೆ ಜವಳಗಿರಿ ಕಾಡಿನ ಕಡೆಯಿಂದ ಆನೆಗಳು ಬರುವುದು ನೀವು ಹುಟ್ಟುವ ಮೊದಲಿನಿಂದಲೂ ಇದೆ. ಹಿಂಡು ಯಾವ ಕಡೆ ಇದೆ ಎಂದು ಅರಣ್ಯ ಇಲಾಖೆಯ ಕಾವಲಿನವರು ಫೋನಿನಲ್ಲಿ ತಿಳಿಸುತ್ತಾರೆ. ಆದರೆ ಹಿಂಡು ಬಿಟ್ಟ ಒಂಟಿ ಆನೆ ಹುಣಸೆಮರದ ಕೆಳಗೆ ನಿಂತಿದ್ದರೆ ಯಾರಿಗೆ ಗೊತ್ತಾಗುತ್ತದೆ? ಮಂಜಿನಲ್ಲಿ ಹತ್ತು ಮಾರು ದೂರದಲ್ಲಿದ್ದರೂ ಬಂಡೆಯ ಹಾಗೆ ಕಾಣುತ್ತದೆ.

ಇದಕ್ಕೆ ದಾರಿ ಕಂಡುಕೊಂಡವಳು ಫೋನಕ್ಕ. ನಮ್ಮ ಮನೆ ಊರಿನ ಕೊನೆಯ ಮನೆ. ಮಾಳಿಗೆಯಿಂದ ಹುಣಸೆಮರದವರೆಗೆ ದಾರಿ ಪೂರ್ತಿ ಕಾಣುತ್ತದೆ. ಅಲ್ಲಿ ಕತ್ತಲೆಯಲ್ಲೂ ಕಾಣುವ ಎರಡು ಕ್ಯಾಮೆರಾ ಕಟ್ಟಿದರೆ, ಹೆಣ್ಣುಮಕ್ಕಳು ಮನೆ ಬಿಡುವ ಮೊದಲು ತಮ್ಮ ತಮ್ಮ ಫೋನಿನಲ್ಲಿ ದಾರಿ ನೋಡಿಕೊಂಡು ಹೊರಡಬಹುದು ಎಂದಳು. ನಾನು ತಲೆಯಾಡಿಸಿದೆ. ಕ್ಯಾಮೆರಾ ಕಟ್ಟುವ ದಿನ ಅವಳು ನಮ್ಮ ಅಂಗಳದಲ್ಲಿ ಕೂತು ಫೋನಿನಲ್ಲಿ ಚಿತ್ರ ನೋಡುತ್ತಾ, ಮಾಳಿಗೆಯ ಮೇಲಿದ್ದ ಆಳಿಗೆ ಕೂಗಿ ಹೇಳುತ್ತಿದ್ದಳು. "ಎಡಕ್ಕೆ ತಿರ್ಗ್ಸಲಾ. ಇನ್ನೂ ಎಡಕ್ಕೆ. ಅವ್ರ ಮನೆ ಬಚ್ಚಲು ಕಾಣ್ತಾ ಐತೆ ಕಣ್ಲಾ, ನಾವ್ ನೋಡ್ಬೇಕಾದ್ದು ಆನೇನ." ದಾರಿ ಬಿಟ್ಟು ಯಾರ ಅಂಗಳವೂ ಕಾಣದ ಹಾಗೆ ಆಗುವವರೆಗೆ ಆ ಆಳನ್ನು ಕೆಳಗಿಳಿಯಲು ಬಿಡಲಿಲ್ಲ. ಅದನ್ನು ನೋಡುವ ಗುಪ್ತಪದವನ್ನು ಹನ್ನೊಂದು ಹೆಣ್ಣುಮಕ್ಕಳಿಗೆ ಮಾತ್ರ ಕೊಟ್ಟಳು. ಊರ ಗೌಡರು ತಮಗೂ ಬೇಕು ಎಂದಾಗ, "ನಿಮ್ದು ಯಾವ ಶಿಫ್ಟು ಗೌಡ್ರೇ?" ಎಂದು ಕೇಳಿ ಕಳಿಸಿದಳು.

ಒಂದು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ನಿಮ್ಮಮ್ಮ ಎದ್ದು ಮುಖ ತೊಳೆದು ಫೋನು ನೋಡಿ, "ದಾರಿ ಖಾಲಿ" ಎಂದು ಹೇಳಿ ಬುತ್ತಿ ಎತ್ತಿಕೊಂಡು ಹೊರಡುವುದು ನನಗೆ ಸುಪ್ರಭಾತದ ಹಾಗಾಗಿತ್ತು. ಎರಡು ಸಲ ಆನೆ ನಿಂತದ್ದು ಕಂಡು, ಬಸ್ಸಿನವನಿಗೆ ಹೇಳಿ ಊರೊಳಗೇ ಬಸ್ಸು ತರಿಸಿದ್ದರು.

ಆಮೇಲೆ ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಕೆಲಸ ಮಾಡುವ ಯಾವ ಸಾಮಾನಿಗೂ ಬಿಡುವು ಕೊಡುವುದು ಪದ್ಧತಿ. ಕುಡುಗೋಲು, ಗುದ್ದಲಿ, ಒರಳು, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಪೂಜೆ ಮಾಡಿ ಸುಮ್ಮನೆ ಬಿಡುತ್ತೇವೆ. ಮಾರನೆಯ ದಿನ ದೀಪ ಹಚ್ಚಿ ಮತ್ತೆ ಕೈಗೆ ತೆಗೆದುಕೊಳ್ಳುತ್ತೇವೆ. ಆ ವರ್ಷ ಪೆಟ್ಟಿಗೆಯ ಮುಂದೆ ನಿಂತಾಗ ನನಗೆ ಪಾಪ ಎನ್ನಿಸಿತು. ವರ್ಷವೆಲ್ಲ ಒಂದು ಗಳಿಗೆ ಮಲಗದೆ ದುಡಿದಿದೆ, ನಮ್ಮ ಮಕ್ಕಳನ್ನು ಕಾದಿದೆ. ಇದಕ್ಕೂ ಒಂದು ದಿನ ಬಿಡುವು ಬೇಡವೇ? ಸಂಜೆ ಕತ್ತಲಾದ ಮೇಲೆ ಪೂಜೆ ಮಾಡಿ ಆರಿಸಿದೆ. ಮಾರನೆಯ ದಿನ ನಾಲ್ಕೂವರೆಗೇ ಎದ್ದು, ಮಿಂದು, ದೀಪ ಹಚ್ಚಿ, ಪೆಟ್ಟಿಗೆಯನ್ನು ಹಾಕಿದೆ. ಹಸಿರು ದೀಪಗಳು ಸಾಲಾಗಿ ಹತ್ತಿದವು. ಸರಿಯಾಯಿತು ಎಂದುಕೊಂಡೆ.

ನನಗೆ ಗೊತ್ತಿರದಿದ್ದ ವಿಷಯ ಇದು. ನಮ್ಮ ಮನೆಯ ಲೈನನ್ನು ಹೊರಗಿನಿಂದ ಹುಡುಕಿ ಬರಲು ಒಂದು ನಂಬರು ಇರುತ್ತದೆ. ಮನೆಗಳಿಗೆ ಕೊಡುವ ನಂಬರು ಕಾಯಂ ಅಲ್ಲ. ಪೆಟ್ಟಿಗೆ ಆರಿ ಹತ್ತಿದರೆ ಬೇರೆ ನಂಬರು ಬಂದುಬಿಡಬಹುದು. ಆಗ ಹೆಣ್ಣುಮಕ್ಕಳ ಫೋನುಗಳು ಹಳೆಯ ನಂಬರಿಗೆ ಹೋಗಿ ತಟ್ಟುತ್ತವೆ. ಅಲ್ಲಿ ನಮ್ಮ ಮನೆ ಇರುವುದಿಲ್ಲ. ಕರೆಂಟು ಹೋದರೂ ಆರಬಾರದು ಎಂದೇ ಫೋನಕ್ಕ ಪೆಟ್ಟಿಗೆಗೆ ಬ್ಯಾಟರಿ ಇಟ್ಟಿದ್ದಳು. ಯಾವಾಗಲಾದರೂ ಆರಿಸಬೇಕಾದರೆ ತಾನೇ ಬಂದು ಆರಿಸಿ, ಹೊಸ ನಂಬರನ್ನು ಹನ್ನೊಂದು ಜನಕ್ಕೂ ಕಳಿಸುತ್ತಿದ್ದಳು. ಯಾಕೆ ಎಂದು ಅವಳು ಹೇಳಿರಲಿಲ್ಲ. ಸಂಕೋಚದಿಂದ ನಾನೂ ಕೇಳಿರಲಿಲ್ಲ.

ನಿಮ್ಮಮ್ಮ ಆ ಬೆಳಗ್ಗೆ ಫೋನು ನೋಡಿದಳು. ಅದರಲ್ಲಿ ದಾರಿ ಕಂಡಿತು. ಖಾಲಿ ದಾರಿ. ಅದು ಹಿಂದಿನ ದಿನ ಸಂಜೆ ಪೆಟ್ಟಿಗೆ ಆರುವ ಮೊದಲು ಫೋನಿನಲ್ಲಿ ಉಳಿದಿದ್ದ ಚಿತ್ರ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? "ದಾರಿ ಖಾಲಿ" ಎಂದು ಹೇಳಿ ಹೋದಳು. ಜೊತೆಗೆ ಇನ್ನಿಬ್ಬರು. ಉಳಿದವರು ಇನ್ನೂ ಮನೆ ಬಿಟ್ಟಿರಲಿಲ್ಲ.

ಮರದ ಹತ್ತಿರ ಹೋಗುವವರೆಗೆ ಅವರಿಗೆ ಏನೂ ಕಾಣಲಿಲ್ಲ. ಆಮೇಲೆ ಮಂಜಿನಲ್ಲಿ ಒಂದು ಕಿವಿ ಅಲ್ಲಾಡಿತಂತೆ. ಮೂವರೂ ತಿರುಗಿ ಓಡಿದರು. ಆನೆ ಸ್ವಲ್ಪ ದೂರ ಹಿಂದೆ ಬಂದು, ಬಸ್ಸಿನ ದೀಪ ನೋಡಿ ಕಾಡಿಗೆ ಇಳಿಯಿತು. ನಿಮ್ಮಮ್ಮ ಕಾಲುವೆಗೆ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಳು. ಈಗಲೂ ಬಟ್ಟೆ ಹಿಂಡುವಾಗ ಅವಳು ಆ ಕೈಯನ್ನು ಸ್ವಲ್ಪ ವಾರೆಯಾಗಿ ಹಿಡಿಯುತ್ತಾಳಲ್ಲ, ಅದು ಅವತ್ತಿನದು.

ಕೈಗೆ ಕಟ್ಟು ಹಾಕಿಸಿಕೊಂಡು ಬಂದ ಮೇಲೆ ನಾನು ಫೋನಕ್ಕನ ಮನೆಗೆ ಹೋದೆ. ಅವಳು ಬಾಗಿಲಲ್ಲಿ ಕೂತು ಫೋನಿನಲ್ಲಿ ಏನೋ ಪರೀಕ್ಷಿಸುತ್ತಿದ್ದಳು. ನಂಬರು ಯಾಕೆ ಬದಲಾಯಿತು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಪೂಜೆಗೆ ನಾನೇ ಆರಿಸಿದೆ ಎಂದೆ. ಬೈಯುತ್ತಾಳೆ ಎಂದು ಕಾದೆ.

"ನಾನೂ ಆಯುಧಪೂಜೆಗೆ ಬೂತಿನ ಫೋನ್‌ಗೆ ಹೂವ ಹಾಕಿ, ತಂತಿ ಕಿತ್ತಿಕ್ತಾ ಇದ್ದೆ ಕಣಮ್ಮ" ಎಂದಳು. "ಮಾರ್ನೇ ದಿನ ಹಾಕುದ್ರೆ ಅದೇ ನಂಬರು. ಒಂದ್ ವರ್ಷನೂ ಮಾರ್ಲಿಲ್ಲ, ಬದ್ಲಾಗ್ಲಿಲ್ಲ. ನೀನ್ ಮಾಡಿದ್ ತಪ್ಪಲ್ಲ. ದುಡಿಯೋದ್ಕೆ ಬಿಡುವು ಕೊಡ್ಬೇಕು. ಬಿಡುವು ಕೊಟ್ರೆ ಮನೆ ಮರ್ತೋಗೋ ನಂಬರು ಕೊಟ್ಟವ್ರಲ್ಲ, ಅದು ತಪ್ಪು."

ಆ ಸಂಜೆ ಅಶ್ವತ್ಥಕಟ್ಟೆಯಲ್ಲಿ ಊರಿನವರು ಸೇರಿದರು. ಒಬ್ಬ ಮಾವ ತನ್ನ ಸೊಸೆಯನ್ನು ಇನ್ನು ಬೆಳಗಿನ ಶಿಫ್ಟಿಗೆ ಕಳಿಸುವುದಿಲ್ಲ ಎಂದ. ಇನ್ನೊಬ್ಬ ತನ್ನ ಮಗಳನ್ನೂ ಬಿಡಿಸುತ್ತೇನೆ ಎಂದ. ಗೌಡರು, ಡಬ್ಬ ನಂಬಿಕೊಂಡು ಹೆಣ್ಣುಮಕ್ಕಳನ್ನು ಆನೆ ಬಾಯಿಗೆ ಕಳಿಸಿದಂತಾಯಿತು ಎಂದರು. ಹನ್ನೊಂದು ಜನವೂ ಕೆಲಸ ಬಿಡಬೇಕು ಎಂಬಲ್ಲಿಗೆ ಮಾತು ಬಂದು ನಿಂತಿತು. ನಿಮ್ಮಮ್ಮ ಕಟ್ಟು ಹಾಕಿದ ಕೈ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಆ ಸಂಬಳದ ಮೇಲೆ ನಿಮ್ಮ ಶಾಲೆ ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಕೆಲಸದ ಮೇಲೆ ಅವಳಿಗೆ ಅಭಿಮಾನ ಇತ್ತು. ಫ್ಯಾಕ್ಟರಿಯಲ್ಲಿ ಹತ್ತು ಜನರ ಕೆಲಸ ನೋಡಿ ಬರೆದಿಡಲು ಅವಳನ್ನು ಇಟ್ಟಿದ್ದರು.

ಡಬ್ಬ ಯಾಕೆ ಕೈ ಕೊಟ್ಟಿತು ಎಂದು ಯಾರೋ ಕೇಳಿದರು. ನಾನು ಹೆಂಗಸರ ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಹೇಳಬೇಕು ಎಂದು ಬಾಯಿ ತೆರೆದೆ. ಮಾತು ಬರಲಿಲ್ಲ.

ಫೋನಕ್ಕ ಕೋಲೂರಿ ಎದ್ದಳು. "ನಂಬರು ಮಾರ್ತು. ಮಾರ್ತದೆ ಅಂತ ನಂಗೆ ಗೊತ್ತಿತ್ತು, ನಾನು ಹೇಳಿರ್ನಿಲ್ಲ. ತಪ್ಪು ನಂದು. ಎಂಟು ದಿನ ಟೈಮ್ ಕೊಡಿ. ಅಲ್ಲೀಗಂಟ ಮಕ್ಳು ಟ್ರ್ಯಾಕ್ಟರಲ್ಲಿ ಮರದ್ ತಾವ್ಕೆ ಓಗ್ಲಿ. ಎಂಟ್ ದಿನಕ್ಕೆ ಮಾರದೇ ಇರೋ ನಂಬರು ತರ್ದಿದ್ರೆ, ಡಬ್ಬ ನಾನೇ ಕಿತ್ತಾಕ್ತೀನಿ" ಎಂದಳು.

ನನ್ನ ತಪ್ಪನ್ನು ಅಷ್ಟು ಜನರ ಮುಂದೆ ಅವಳು ತನ್ನ ತಲೆಯ ಮೇಲೆ ಹೊತ್ತುಕೊಂಡಳು. ಮನೆಗೆ ಬಂದ ಮೇಲೂ ನನಗೆ ಊಟ ಸೇರಲಿಲ್ಲ.

ಆ ವಾರವೇ ಅವಳ ಸ್ಕೂಟರಿನ ಹಿಂದೆ ಕೂತು ಹೊಸೂರಿಗೆ ಹೋದೆ. ಬ್ರಾಡ್‌ಬ್ಯಾಂಡ್ ಕಂಪನಿಯ ಕಚೇರಿ ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲ ಬುಡದಲ್ಲಿ ಫೋನಕ್ಕ ನಿಂತುಬಿಟ್ಟಳು. ಕಾಲು ನೋಯುತ್ತಿದೆ ಎಂದುಕೊಂಡೆ. ಅವಳು ಹೇಳಿದ್ದು ಬೇರೆ. "ನಾನು ಪಕ್ಕದಲ್ಲಿ ಕೂತಿರ್ತೀನಿ, ಬಾಯಿ ಬಿಡಲ್ಲ. ಏಜೆಂಟು ಕೇಳುದ್ರೆ ಯಾಪಾರ ಅಂತಾರೆ. ಲೈನು ನಿನ್ ಹೆಸ್ರಲ್ಲೈತೆ. ನೀನೇ ಕೇಳು." ಆಗುವುದಿಲ್ಲ ಅಕ್ಕ ಎಂದೆ. "ಮೊದ್ಲು ನಂಗೆ ಹೇಳು" ಎಂದಳು.

ಆ ಮೆಟ್ಟಿಲ ಮೇಲೆ ಕೂತು, ಹೋಗಿ ಬರುವವರ ನಡುವೆ, ಮೂವತ್ತು ವರ್ಷದ ಹಿಂದಿನ ಹಾಗೆ ಅವಳಿಗೆ ಮೂರು ಸಲ ಹೇಳಿದೆ.

ಮೇಲೆ ಮೇಜಿನ ಹಿಂದೆ ಒಬ್ಬ ಯುವಕ ಕೂತಿದ್ದ. ಸ್ಟಾಟಿಕ್ ಐಪಿ, ಅಂದರೆ ಬದಲಾಗದ ನಂಬರು, ಬೇಕು ಎಂದು ನಾನು ಕಲಿತ ಮಾತನ್ನು ಒಪ್ಪಿಸಿದೆ. ಅವನು ತಲೆಯೆತ್ತಿ ನನ್ನನ್ನು, ಫೋನಕ್ಕನ ಕೋಲನ್ನು ನೋಡಿದ. "ವೀಟ್ಟುಕ್ಕು ಎದುಕ್ಕುಮ್ಮಾ? ಕಂಪನಿಕ್ಕು ದಾನ್ ಕುಡುಪ್ಪೋಂ" ಎಂದ. ಮನೆಗೆ ಯಾಕೆ, ಕಂಪನಿಗಳಿಗೆ ತಾನೇ ಕೊಡುವುದು ಎಂದು. ಮನೆಯಲ್ಲಿ ಸಿನಿಮಾ ನೋಡಲು ಈಗಿರುವುದೇ ಸಾಕು ಎಂದೂ ಸೇರಿಸಿದ. ನಾನು ಫೋನಕ್ಕನ ಕಡೆ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು. ರಾಹುಕಾಲ ಓದುತ್ತಿದ್ದಳು.

ಅದನ್ನು ನೋಡಿದ ಮೇಲೆ ನನಗೆ ಅದು ಕಚೇರಿ ಅನ್ನಿಸಲಿಲ್ಲ. ಬೂತು ಅನ್ನಿಸಿತು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ನಾನು ಹೇಳಿದ್ದು ಇಷ್ಟು: "ಹನ್ನೊಂದ್ ಹೆಣ್ಮಕ್ಳು ದಿನಾ ಬೆಳಗ್ಗೆ ನಮ್ಮನೆ ಬಾಗ್ಲಿಗೆ ಬಂದು ದಾರಿ ನೋಡ್ಕೊಂಡು ಕೆಲ್ಸಕ್ಕೆ ಓಯ್ತಾರೆ ತಂಬಿ. ಫೋನಲ್ಲೇ ಬತ್ತಾರೆ. ದಿನಕ್ಕೊಂದ್ ಕಡೆ ನಮ್ಮನೆ ಬಾಗ್ಲಿದ್ರೆ ಆ ಮಕ್ಳು ಎಲ್ಲಿ ತಟ್ಬೇಕು? ಮೊನ್ನೆ ಬಾಗ್ಲು ಸಿಗ್ಲಿಲ್ಲ. ಆನೆ ಮುಂದೆ ಓಗಿ ನಿಂತ್ಕಂಡ್ರು. ಅದ್ರಲ್ಲಿ ಒಬ್ಳು ನನ್ ಮಗ್ಳು."

ಅವನು ಒಂದು ಅರ್ಜಿ ತೆಗೆದು ಮುಂದಿಟ್ಟು, ಉದ್ದೇಶ ಎಂಬಲ್ಲಿ ಬರೆಯಿರಿ, ಮೇಲಿನವರಿಗೆ ಕಳಿಸುತ್ತೇನೆ, ಕೊಡುವುದು ಬಿಡುವುದು ಅವರದು ಎಂದ. ನಾನು ಕನ್ನಡದಲ್ಲಿ ಬರೆದೆ. ನನಗೆ ಬರೆಯಲು ಬರುವುದು ಅದೊಂದೇ. ಅವನಿಗೆ ಓದಲು ಬರಲಿಲ್ಲ. ಪಕ್ಕದ ಮೇಜಿನ ಹುಡುಗಿಯನ್ನು ಕರೆದ. ಅವಳು ಕನ್ನಡ ಬಲ್ಲವಳು, ತಳಿ ಎಂಬ ಊರಿನ ಕಡೆಯವಳಂತೆ. ಕಾಗದ ಎತ್ತಿ ಗಟ್ಟಿಯಾಗಿ ಓದಿದಳು: "ಬೆಳಗಿನ ಜಾವ ದಾರಿಯಲ್ಲಿ ಆನೆ ಇದೆಯೇ ಎಂದು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ನೋಡಿಕೊಳ್ಳುವುದಕ್ಕೆ." ಓದಿ ಮುಗಿಸಿ, ನಮ್ಮೂರಲ್ಲೂ ಹೀಗೇ ಅಮ್ಮ ಎಂದಳು. ಆಮೇಲೆ ಅದರ ಕೆಳಗೆ ಅವಳೇ ಇಂಗ್ಲಿಷಿನಲ್ಲಿ ಬರೆದುಕೊಟ್ಟಳು. ನಾನು ಕನ್ನಡದಲ್ಲಿ ರುಜು ಹಾಕಿದೆ.

ಇಳಿಯುವಾಗ ಫೋನಕ್ಕ ಏನೂ ಹೊಗಳಲಿಲ್ಲ. "ರುಜು ದುಂಡಗೆ ಆಕ್ದೆ" ಎಂದಳು, ಅಷ್ಟೆ. ದಾರಿಯಲ್ಲಿ ಟೀ ಕುಡಿಸಿದಳು.

ಮೇಲಿನವರಿಂದ ಫೋನು ಬಂದದ್ದು ಐದನೆಯ ದಿನ. ಯಾರೋ ದೂರದ ಊರಿನ ಹೆಂಗಸು, ನೀವೇ ಚಂದಾದಾರರಾ ಎಂದು ಕೇಳಿದಳು. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಹೌದು, ನಾನೇ ಎಂದೆ. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಮುಗಿಸುವ ಹೊತ್ತಿಗೆ ಅರ್ಧ ಬತ್ತಿಹೋಗಿತ್ತು. ನಂಬರು ಮಂಜೂರಾಗಿತ್ತು.

ಏಳನೆಯ ದಿನ ಫೋನಕ್ಕ ಆಳಿನೊಂದಿಗೆ ಬಂದು ಪೆಟ್ಟಿಗೆಗೆ ಹೊಸ ನಂಬರು ಕೂರಿಸಿದಳು. ನಾಲ್ಕು ತುಂಡಿನ ನಂಬರು, ನಡುವೆ ಚುಕ್ಕಿ. ಅದನ್ನು ನನ್ನ ಮಂಡಿಯ ಮೇಲೆ ತನ್ನ ಚಪ್ಪಟೆ ಬೆರಳಿನಿಂದ ತಟ್ಟಿ ತಟ್ಟಿ ಕಲಿಸಿದಳು. ಕಾಗದದಲ್ಲಿ ಬರೆದಿಡಲೇ ಎಂದರೆ ಬೇಡ ಎಂದಳು. ಇಲ್ಲಿಯೂ ನಾನು ಬರೆಯುವುದಿಲ್ಲ. ಬೇಕಾದಾಗ ಬನ್ನಿ, ನಿಮ್ಮ ಮಂಡಿಯ ಮೇಲೆ ತಟ್ಟಿ ತೋರಿಸುತ್ತೇನೆ.

ಎಂಟನೆಯ ದಿನ ಸಂಜೆ ಊರಿನವರನ್ನೆಲ್ಲ ನಮ್ಮ ಅಂಗಳಕ್ಕೆ ಕರೆಸಿದಳು. ಹನ್ನೊಂದು ಹೆಣ್ಣುಮಕ್ಕಳು ಫೋನು ಹಿಡಿದು ಸಾಲಾಗಿ ನಿಂತರು. ಫೋನಕ್ಕ ನನಗೆ, ಹೋಗಿ ಆರಿಸು ಎಂದಳು. ನಾನು ಆರಿಸಿದೆ. ಎಲ್ಲ ಫೋನಿನಲ್ಲೂ ದಾರಿ ಮಾಯವಾಯಿತು. ಹಳೆಯ ಚಿತ್ರ ನಿಂತು ಮೋಸ ಮಾಡದ ಹಾಗೆ ಅದನ್ನೂ ತೆಗೆಸಿದ್ದಳು. ಗೌಡರು, "ಓಯ್ತಲ್ಲಮ್ಮ" ಎಂದರು. ಫೋನಕ್ಕ ಅವರ ಕಡೆ ತಿರುಗದೆ, ಈಗ ಹಾಕು ಎಂದಳು. ಹಾಕಿದೆ. ದೀಪಗಳು ಒಂದೊಂದಾಗಿ ಹತ್ತಿದವು. ನಾನು ಬಾಗಿಲಿಗೆ ಬರುವ ಹೊತ್ತಿಗೆ ಒಂದು ಫೋನಿನಲ್ಲಿ ಹುಣಸೆಮರ ಮೂಡಿತು, ಆಮೇಲೆ ಇನ್ನೊಂದರಲ್ಲಿ, ಆಮೇಲೆ ಹನ್ನೊಂದರಲ್ಲೂ. ಯಾರೂ ಯಾರಿಗೂ ಹೊಸ ನಂಬರು ಕಳಿಸಿರಲಿಲ್ಲ.

ಆಗ ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಊರೆಲ್ಲ ನನ್ನ ಕಡೆಗೇ ನೋಡುತ್ತಿತ್ತು. ಓಡಿ ಒಳಗೆ ಹೋಗಬೇಕು ಎನ್ನಿಸಿತು. ಹೋಗಲಿಲ್ಲ.

"ಅವತ್ತು ಆರ್ಸಿದ್ದು ನಾನು" ಎಂದೆ. "ಪೂಜೆಗೆ ಅಂತ ಆರ್ಸ್ದೆ. ಫೋನಕ್ಕನ ತಪ್ಪಲ್ಲ."

ಅಂಗಳದ ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು, "ಅಯ್ಯೋ ಅದ್ಕೇನ್ ಬಿಡು, ನಮ್ ಸೊಸೆ ಫ್ರಿಜ್ಜೇ ಆರ್ಸಿ ಮೊಸರೆಲ್ಲ ಉಳಿಯಾಗೋಯ್ತು" ಎಂದಳು. ಜನ ನಕ್ಕರು. ಗೌಡರೂ ನಕ್ಕರು. ಸೊಸೆಯನ್ನು ಬಿಡಿಸುತ್ತೇನೆ ಎಂದಿದ್ದ ಮಾವ ಸೊಸೆಯ ಫೋನು ಇಸಿದುಕೊಂಡು ಇನ್ನೊಂದು ಸಲ ದಾರಿ ನೋಡಿ ವಾಪಸು ಕೊಟ್ಟ. ಸೋಮವಾರ ಹನ್ನೊಂದು ಜನವೂ ಟ್ರ್ಯಾಕ್ಟರು ಬಿಟ್ಟು, ದಾರಿ ನೋಡಿಕೊಂಡು ನಡೆದೇ ಕೆಲಸಕ್ಕೆ ಹೋದರು. ನಿಮ್ಮಮ್ಮ ಕೈಗೆ ಕಟ್ಟು ಹಾಕಿಕೊಂಡೇ ಹೋದಳು, ಬರೆಯುವ ಕೈ ಚೆನ್ನಾಗಿದೆ ಎಂದು.

ಆ ದಿನ ಫೋನಕ್ಕ ನನ್ನನ್ನು ನೋಡಿದ ನೋಟವನ್ನು ನಾನು ಇಟ್ಟುಕೊಂಡಿದ್ದೇನೆ. ನಮ್ಮಪ್ಪ ಕೂಡ ನನ್ನನ್ನು ಹಾಗೆ ನೋಡಿರಲಿಲ್ಲ.

ಅದಾದ ಮೇಲೆ ಅವಳು ಮೂರು ವರ್ಷ ಇದ್ದಳು. ಎರಡು ಹಳ್ಳಿಯವರು ಬಂದು ತಮಗೂ ಹಾಗೇ ಮಾಡಿಸಿಕೊಡಿ ಎಂದು ಕೇಳಿದಾಗ, ನನ್ನನ್ನೇ ಕರೆದುಕೊಂಡು ಹೋಗಿ, ಅಲ್ಲಿನ ಹೆಂಗಸರಿಗೆ ಅರ್ಜಿ ಬರೆಯುವುದನ್ನು ನನ್ನಿಂದ ಹೇಳಿಸಿದಳು. ನಾನು ಅವರಿಗೆ ಹೇಳಿದ್ದು ಒಂದೇ, ಮೊದಲು ನನಗೆ ಹೇಳಿ ನೋಡಿ ಎಂದು. ಆಮೇಲೆ ಅವಳಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದೆ. ಬೆಳಗ್ಗೆ ಎಚ್ಚರವಾದಾಗಲೆಲ್ಲ ನನ್ನ ಫೋನು ಇಸಿದುಕೊಂಡು ದಾರಿ ನೋಡುತ್ತಿದ್ದಳು. ಕೊನೆಯ ದಿನ ಅವಳಿಗೆ ಕಣ್ಣು ಬಿಡಲು ಆಗಲಿಲ್ಲ. ಅವಳ ಬೆರಳು ಹೊದಿಕೆಯ ಮೇಲೆ ಮೆಲ್ಲಗೆ ಅಲ್ಲಾಡುತ್ತಿತ್ತು. ನಾನು ಎಣಿಸಿದೆ. ನಾಲ್ಕು ತುಂಡು, ನಡುವೆ ಬಿಡುವು. ನಮ್ಮ ಮನೆಯ ನಂಬರು.

ಅವಳನ್ನು ಊರಿಗೆ ತಂದ ದಿನ ಮೊದಲ ಶಿಫ್ಟು ಮುಗಿಸಿದ ಹೆಣ್ಣುಮಕ್ಕಳು ಬಸ್ಸನ್ನು ಅವಳ ಮನೆಯ ಮುಂದೆಯೇ ನಿಲ್ಲಿಸಿ, ಸಮವಸ್ತ್ರದಲ್ಲೇ ಇಳಿದರು. ಆ ಹೊತ್ತಿಗೆ ಅವರು ಹನ್ನೊಂದಲ್ಲ, ಹತ್ತೊಂಬತ್ತು ಜನ. ಹೆಣ್ಣುಮಕ್ಕಳು ಹೆಗಲು ಕೊಡಬಾರದು ಎಂದು ಯಾರೋ ಹೇಳಲು ಹೊರಟರು. ನಿಮ್ಮಮ್ಮ ಆಗಲೇ ಮುರಿದು ಕೂಡಿದ ಕೈಯಿಂದ ಚಟ್ಟದ ಬಿದಿರು ಹಿಡಿದಿದ್ದಳು.

ಅವಳು ನಮಗೆ ಏನಾಗಬೇಕು ಎಂದು ಕೇಳಿದಿರಿ. ರಕ್ತದಲ್ಲಿ ಏನೂ ಆಗಬೇಕಿಲ್ಲ. ಈ ಹಾಳೆಗಳನ್ನು ನಿಮಗೆ ಕೊಡುವ ಮೊದಲು ಆ ಫೋಟೋದ ಮುಂದೆ ನಿಂತು ಒಂದು ಸಲ ಓದಿದ್ದೇನೆ. ಮೊದಲು ಅವಳಿಗೆ ಹೇಳದೆ ನಾನು ಈಗಲೂ ಯಾರಿಗೂ ಏನನ್ನೂ ಹೇಳುವುದಿಲ್ಲ.

ಹೋದ ಆಯುಧಪೂಜೆಯ ಮಾರನೆಯ ಬೆಳಗ್ಗೆ ನೀವಿಬ್ಬರೂ ಮಲಗಿದ್ದಿರಿ. ನಾಲ್ಕೂವರೆಗೆ ಎದ್ದು, ಮಿಂದು, ದೀಪ ಹಚ್ಚಿ, ಹೂವು ತೆಗೆದು, ಐದು ಗಂಟೆ ದಾಟಿದ ಮೇಲೆ ಪೆಟ್ಟಿಗೆಯನ್ನು ಹಾಕಿದೆ. ಹಸಿರು ದೀಪಗಳು ಸಾಲಾಗಿ ಹತ್ತತೊಡಗಿದವು. ಅಡುಗೆಮನೆ ಬಾಗಿಲಲ್ಲಿ ನಿಮ್ಮಮ್ಮ ಫೋನು ಹಿಡಿದು ನಿಂತಿದ್ದಳು. ನಾನು ಕಣ್ಣು ಮುಚ್ಚಿ ಮಂಡಿಯ ಮೇಲೆ ಬೆರಳು ತಟ್ಟಿದೆ. ನಾಲ್ಕನೆಯ ತುಂಡು ಮುಗಿಯುವ ಮೊದಲೇ ಅವಳ ದನಿ ಕೇಳಿತು.

"ದಾರಿ ಖಾಲಿ ಕಣಮ್ಮ, ಬತ್ತೀನಿ."

ಬುತ್ತಿ ಎತ್ತಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಹುಣಸೆಮರದ ಕಡೆಯಿಂದ ಬಸ್ಸು ಹೊರಟ ಸದ್ದು ಬಂತು.